ಪಡುವಣಕ್ಕೆ ಕಿಟಕಿ ಇದ್ದರೆ ಮಂಚ ಎಲ್ಲಿಡುವುದು?

ಸಂಜೆಮಲ್ಲಿಗೆ · ಅಂಬಲಪಾಡಿ, ಉಡುಪಿ · ಮೇ 11

ಎಲ್ಲರಿಗೂ ನಮಸ್ಕಾರ. ಮಳೆಗಾಲಕ್ಕೆ ಇನ್ನು ಮೂರು ನಾಲ್ಕು ವಾರ ಅಷ್ಟೇ ಉಂಟು, ನನಗೆ ಈಗಲೇ ತಲೆಬಿಸಿ ಶುರುವಾಗಿದೆ.

ನಾವು ಈ ಬಾಡಿಗೆ ಮನೆಗೆ ಬಂದದ್ದು ಕಳೆದ ವರ್ಷ ಜನವರಿಯಲ್ಲಿ. ಮೊದಲ ಮಹಡಿ. ಮಲಗುವ ಕೋಣೆಗೆ ಎರಡು ಕಿಟಕಿ, ಒಂದು ಪಡುವಣ ಗೋಡೆಯಲ್ಲಿ, ಇನ್ನೊಂದು ದಕ್ಷಿಣದಲ್ಲಿ. ಸಾಮಾನು ಇಳಿಸಿದ ದಿನ ಸಂಜೆ ಪಡುವಣ ಕಿಟಕಿ ತೆರೆದರೆ ಎಂಥಾ ಗಾಳಿ! ಬೇರೆ ಯೋಚನೆಯೇ ಮಾಡದೆ ಮಂಚದ ತಲೆಭಾಗವನ್ನು ಆ ಕಿಟಕಿಯ ಅಡಿಗೆ ತಾಗಿಸಿ ಇಟ್ಟೆವು. ಬಟ್ಟೆಯ ಪ್ಲೈವುಡ್ ಕಪಾಟು ದಕ್ಷಿಣ ಗೋಡೆಗೆ ಹೋಯಿತು, ಅಲ್ಲಿನ ಕಿಟಕಿ ಅರ್ಧ ಮುಚ್ಚಿತು. ಇನ್ನೊಂದು ಉಂಟಲ್ಲ ಅಂದುಕೊಂಡೆವು.

ಜೂನ್ ಬಂತು. ಒಂದು ರಾತ್ರಿ ಎರಡು ಗಂಟೆಗೆ ಎಚ್ಚರವಾದರೆ ನನ್ನ ಕೆನ್ನೆಯ ಅಡಿ ದಿಂಬು ತಣ್ಣಗೆ ಒದ್ದೆ. ಕಿಟಕಿ ಹಾಕಿಯೇ ಮಲಗಿದ್ದೆವು. ಜಾರುವ ಕಿಟಕಿಯ ಕೆಳಗಿನ ಪಟ್ಟಿಯಲ್ಲಿ ನೀರು ತುಂಬಿ, ಗಾಳಿ ಒತ್ತಿದ ಹಾಗೆಲ್ಲ ಒಳಗೆ ಉಕ್ಕುತ್ತಿತ್ತು. ಆಮೇಲೆ ಮೂರು ತಿಂಗಳು ಹಾಸಿಗೆಯ ತಲೆಭಾಗ ಸರಿಯಾಗಿ ಒಣಗಲೇ ಇಲ್ಲ. ಚೌತಿಗೆ ಉಡಲು ಸೀರೆ ತೆಗೆದೆ, ಮಡಿಕೆಯ ಉದ್ದಕ್ಕೂ ಬಿಳಿ ಬಿಳಿ ಚುಕ್ಕೆ. ಕಪಾಟಿನ ಹಿಂದೆ ಟಾರ್ಚ್ ಹಾಕಿದರೆ ಗೋಡೆಗೂ ಹಲಗೆಗೂ ಹಸಿರು ಬೂಷ್ಟು. ಅಮ್ಮ ಕೊಟ್ಟ ಸೀರೆ ಅದು. ಡ್ರೈವಾಶ್ ಮಾಡಿಸಿದರೂ ಕಲೆ ಹೋಗಲಿಲ್ಲ.

ಈ ವರ್ಷ ಹಾಗಾಗಬಾರದು. ಅಳತೆ ಹೇಳುತ್ತೇನೆ. ಕೋಣೆ ಮೂಡು-ಪಡು 12 ಅಡಿ, ತೆಂಕು-ಬಡಗು 11 ಅಡಿ. ಪಡುವಣ ಕಿಟಕಿ 5 ಅಡಿ ಅಗಲ, ತೆಂಕು ಮೂಲೆಯಿಂದ 3 ಅಡಿ ಬಿಟ್ಟು ಶುರು. ದಕ್ಷಿಣದ್ದು 4 ಅಡಿ, ಪಡು ಮೂಲೆಯಿಂದ 2 ಅಡಿ ಬಿಟ್ಟು. ಎರಡೂ ನೆಲದಿಂದ 3 ಅಡಿ ಎತ್ತರದಲ್ಲಿವೆ. ಕೋಣೆಯ ಬಾಗಿಲು ಮೂಡು ಗೋಡೆಯ ಬಡಗು ತುದಿಯಲ್ಲಿ, ಅದರ ಪಕ್ಕದಲ್ಲೇ ಉತ್ತರ ಗೋಡೆಯಲ್ಲಿ ಬಚ್ಚಲಿನ ಬಾಗಿಲು. ಸಾಮಾನು: ಐದು ಅಡಿ ಅಗಲದ ಮಂಚ, 4 ಅಡಿಯ ಪ್ಲೈವುಡ್ ಕಪಾಟು, 3 ಅಡಿಯ ಕನ್ನಡಿ ಇರುವ ಸ್ಟೀಲ್ ಕಪಾಟು, ಮತ್ತೆ ನಮ್ಮವರ ಲ್ಯಾಪ್‌ಟಾಪ್ ಮೇಜು. ಮಗನಿಗೆ ಎರಡು ವರ್ಷ, ಸಿಕ್ಕಿದ್ದಕ್ಕೆಲ್ಲ ಹತ್ತುತ್ತಾನೆ. ಅತ್ತೆಯವರು ಹೇಳುವುದು ಒಂದೇ, ಉತ್ತರಕ್ಕೆ ತಲೆ ಹಾಕಿ ಮಲಗುವುದು ಬೇಡ.

ಯಾರಾದರೂ ಸ್ವಲ್ಪ ಕೂತು ಯೋಚಿಸಿ ಹೇಳುತ್ತೀರಾ?


ಮಲ್ಪೆ ಗಾಳಿ · ಮಲ್ಪೆ · ಮೇ 11

ತಂಗಿ, ಮೊದಲು ಮಂಚದ ವಿಷಯ ಬಿಡಿ, ಗಾಳಿಯ ವಿಷಯ ತೆಗೆದುಕೊಳ್ಳಿ. ನೀವು ಜನವರಿಯ ಗಾಳಿ ನೋಡಿ ಮಂಚ ಹಾಕಿದ್ದೀರಿ. ನಮ್ಮ ಕರಾವಳಿಯಲ್ಲಿ ಕೋಣೆ ಜೋಡಿಸುವವರು ಜುಲೈ ಗಾಳಿ ನೋಡಿ ಜೋಡಿಸಬೇಕು.

ಬೇಸಿಗೆಯಲ್ಲೂ ಚಳಿಗಾಲದಲ್ಲೂ ಹಗಲು ನೆಲ ಕಾಯುತ್ತದೆ, ಮಧ್ಯಾಹ್ನದ ಹೊತ್ತಿಗೆ ಕಡಲಿನಿಂದ ಗಾಳಿ ಶುರು, ಅದು ಪಡುವಣದ್ದು. ರಾತ್ರಿ ನೆಲ ಬೇಗ ತಣಿಯುತ್ತದೆ, ಆಗ ಗಾಳಿ ತಿರುಗಿ ಮೂಡಿನಿಂದ ಕಡಲಿನ ಕಡೆಗೆ ಮೆಲ್ಲಗೆ ಹೋಗುತ್ತದೆ. ಹಾಗಾಗಿ ರಾತ್ರಿ ನಿಮ್ಮ ಪಡುವಣ ಕಿಟಕಿಯಿಂದ ಗಾಳಿ ಒಳಗೆ ಬರುವುದಕ್ಕಿಂತ ಹೊರಗೆ ಹೋಗುವುದೇ ಜಾಸ್ತಿ. ತಲೆಯನ್ನು ಆ ಕಿಟಕಿಗೆ ತಾಗಿಸಿ ಮಲಗಿದ್ದರಿಂದ ರಾತ್ರಿಯ ಲಾಭ ದೊಡ್ಡದೇನೂ ಇಲ್ಲ. ಮಳೆಗಾಲದಲ್ಲಿ ಮಾತ್ರ ಹಗಲೂ ರಾತ್ರಿಯೂ ಪಡುವಣದಿಂದ, ನೈಋತ್ಯದಿಂದಲೇ ಬೀಸುವುದು, ಮಳೆಯನ್ನೂ ಹೊತ್ತುಕೊಂಡೇ ಬರುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ಒಳಗೆ ನಮ್ಮಲ್ಲಿ 3000 ಮಿಲಿಮೀಟರ್‌ಗೂ ಜಾಸ್ತಿ ಮಳೆ ಬೀಳುತ್ತದೆ, ಅದರಲ್ಲಿ ಬಹಳಷ್ಟು ಓರೆಯಾಗಿಯೇ ಬೀಳುವುದು. ಅಂದರೆ ನಿಮ್ಮ ಎರಡೂ ಕಿಟಕಿಗಳೂ ಮಳೆಯ ಬಾಯಿಗೇ ಇವೆ.

ಒಂದು ಕೆಲಸ ಮಾಡಿ. ಊದುಬತ್ತಿ ಹಚ್ಚಿ, ಫ್ಯಾನ್ ಆಫ್ ಮಾಡಿ, ಎರಡೂ ಕಿಟಕಿ ಮತ್ತು ಬಾಗಿಲು ತೆರೆದು, ಕೋಣೆಯ ನಾಲ್ಕೈದು ಕಡೆ ಮಂಚದ ಎತ್ತರಕ್ಕೆ ಹಿಡಿಯಿರಿ. ಮಧ್ಯಾಹ್ನ ಮೂರಕ್ಕೊಮ್ಮೆ, ರಾತ್ರಿ ಹತ್ತಕ್ಕೊಮ್ಮೆ. ಹೊಗೆ ಯಾವ ಕಡೆ ವಾಲುತ್ತದೆ ಅಂತ ಬರೆದಿಡಿ. ಕಪಾಟಿನ ಹಿಂದೆ ಅಡಗಿದ ದಕ್ಷಿಣ ಕಿಟಕಿ ಎಷ್ಟು ಮುಖ್ಯ ಅಂತ ಆಗ ನಿಮಗೇ ಗೊತ್ತಾಗುತ್ತದೆ. ಒಂದು ಕಡೆಯಿಂದ ಬಂದ ಗಾಳಿಗೆ ಇನ್ನೊಂದು ಕಡೆ ಹೋಗಲು ದಾರಿ ಇಲ್ಲದಿದ್ದರೆ ಅದು ಕೋಣೆಯೊಳಗೆ ಬರುವುದೇ ಇಲ್ಲ.


ಕದ್ರಿ ಗುಡ್ಡೆ · ಮಂಗಳೂರು · ಮೇ 11

ನನ್ನದು ಸ್ವಲ್ಪ ಬೇರೆ ಅಭಿಪ್ರಾಯ. ನಮ್ಮದು ಒಂಬತ್ತನೇ ಮಹಡಿ, ಮಂಚ ಕಿಟಕಿಯ ಅಡಿಯಲ್ಲೇ ಉಂಟು, ನಾಲ್ಕು ವರ್ಷ ಆಯಿತು. ಬೆಳಗ್ಗೆ ಎದ್ದ ಕೂಡಲೇ ಆಕಾಶ ಕಾಣುವುದು ನನಗೆ ತುಂಬಾ ಇಷ್ಟ. ನಮ್ಮ ಕಿಟಕಿ ಉತ್ತರಕ್ಕೆ, ಮೇಲಿನ ಮನೆಯ ಬಾಲ್ಕನಿ ನಾಲ್ಕು ಅಡಿ ಮುಂದೆ ಚಾಚಿದೆ, ಹನಿ ಬೀಳುವುದಿಲ್ಲ. ಎಲ್ಲರಿಗೂ ಕಿಟಕಿ ಅಡಿ ಮಂಚ ಬೇಡ ಅನ್ನಬೇಡಿ, ಯಾವ ದಿಕ್ಕು, ಸಜ್ಜಾ ಎಷ್ಟು ಅಂತ ನೋಡಿ ಹೇಳಿ.


ಮಲ್ಪೆ ಗಾಳಿ · ಮಲ್ಪೆ · ಮೇ 11

ಸರಿ ಅಕ್ಕ, ಉತ್ತರದ ಕಿಟಕಿಗೆ ಅಷ್ಟು ಆಳದ ಮಾಡು ಇದ್ದರೆ ಮಳೆಯ ಮಟ್ಟಿಗೆ ನನ್ನ ತಕರಾರಿಲ್ಲ. ಮನೆಯಲ್ಲಿ ಚಿಕ್ಕ ಮಕ್ಕಳು ಇದ್ದಾರಾ?


ಕದ್ರಿ ಗುಡ್ಡೆ · ಮಂಗಳೂರು · ಮೇ 12

ತಂಗಿಯ ಮಗಳು ರಜೆಗೆ ಬರುತ್ತಾಳೆ, ನಾಲ್ಕು ವರ್ಷ. ನೀವು ಕೇಳಿದ ಮೇಲೆ ಹೋಗಿ ಗ್ರಿಲ್ ಅಳೆದೆ. ಸರಳುಗಳ ನಡುವೆ ಆರು ಇಂಚು ಉಂಟು. ಅಡ್ಡ ಪಟ್ಟಿ ಬೇರೆ, ಮೆಟ್ಟಿಲಿನ ಹಾಗೆ. ಮಂಚದ ಮೇಲೆ ನಿಂತರೆ ಕಿಟಕಿ ಅವಳ ಸೊಂಟಕ್ಕೆ ಬರುತ್ತದೆ. ನಾಲ್ಕು ವರ್ಷ ಇದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ವೆಲ್ಡಿಂಗ್‌ನವರಿಗೆ ಫೋನ್ ಮಾಡಿದ್ದೇನೆ, ಉದ್ದ ಸರಳು ಸೇರಿಸಿ ನಾಲ್ಕು ಇಂಚಿಗಿಂತ ಕಡಿಮೆ ಮಾಡುತ್ತೇವೆ ಅಂದರು. ಅಷ್ಟರವರೆಗೆ ಮಂಚ ಪಕ್ಕದ ಗೋಡೆಗೆ ಸರಿಸಿದೆವು. ಸಂಜೆಮಲ್ಲಿಗೆ, ನಿಮ್ಮ ಮಗ ಹತ್ತುವವನಾದರೆ ದಯವಿಟ್ಟು ಇದನ್ನು ಮೊದಲು ನೋಡಿ. ಮಂಚ ಮಾತ್ರ ಅಲ್ಲ, ಕಿಟಕಿ ಹತ್ತಿರ ಸ್ಟೂಲು, ಮೇಜು, ಬಟ್ಟೆಯ ಬುಟ್ಟಿ ಏನಿದ್ದರೂ ಹತ್ತಲು ಅಷ್ಟೇ ಸಾಕು. ನೇತಾಡುವ ದಾರದ ಪರದೆ ಇದ್ದರೆ ಆ ದಾರವನ್ನೂ ಮೇಲೆ ಕಟ್ಟಿಡಿ, ಕುತ್ತಿಗೆಗೆ ಸುತ್ತಿಕೊಂಡರೆ ಕಷ್ಟ.


ಹಂಚಿನ ಮನೆ · ಬ್ರಹ್ಮಾವರ · ಮೇ 12

ನಾನು ಹುಟ್ಟಿದ್ದು ಹಂಚಿನ ಮಾಡಿನ ಮನೆಯಲ್ಲಿ, ಈಗಲೂ ಅದರಲ್ಲೇ ಇದ್ದೇವೆ. ನಮ್ಮ ಅಜ್ಜಿಗೆ ವಾಸ್ತು ಪುಸ್ತಕ ಓದಿ ಗೊತ್ತಿರಲಿಲ್ಲ, ಆದರೆ ಮಂಚ ಗೋಡೆಗೆ ತಾಗಿದರೆ ಬೈಯುತ್ತಿದ್ದರು. "ಒಂದು ಕೈ ಹೋಗುವಷ್ಟು ಬಿಡು" ಅಂತ. ಬಟ್ಟೆಯ ಮರದ ಪೆಟ್ಟಿಗೆಗೆ ನಾಲ್ಕು ಮೂಲೆಗೂ ಕಲ್ಲು ಇಟ್ಟು ನೆಲದಿಂದ ಮೇಲೆತ್ತಿ ಇಡುತ್ತಿದ್ದರು. ಪೆಟ್ಟಿಗೆ ಯಾವತ್ತೂ ಒಳಗೋಡೆಗೆ, ಮಳೆ ಹೊಡೆಯುವ ಗೋಡೆಗೆ ಇಡುತ್ತಿರಲಿಲ್ಲ. ನಮ್ಮದು ಕೆಂಪುಕಲ್ಲಿನ ಗೋಡೆ, ಅದು ನೀರು ಕುಡಿಯುತ್ತದೆ, ಆಟಿ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟ್ ಹೊತ್ತಿಗೆ, ಹೊರಗೋಡೆಯ ಒಳಮೈ ಮುಟ್ಟಿದರೆ ಕೈಗೆ ತಣ್ಣಗೆ ಹತ್ತುತ್ತದೆ.

ಇನ್ನೊಂದು ವಿಷಯ ಈಗಿನ ಮನೆಗಳಲ್ಲಿ ನನಗೆ ವಿಚಿತ್ರ ಅನಿಸುತ್ತದೆ. ನಮ್ಮ ಮನೆಯ ಕಿಟಕಿಗಳು ತಗ್ಗು, ನೆಲದಿಂದ ಒಂದೂವರೆ ಅಡಿ ಅಷ್ಟೇ, ಮರದ ದಳಿ ಹಾಕಿದ್ದು. ಯಾಕೆಂದರೆ ಎಲ್ಲರೂ ಚಾಪೆ ಹಾಸಿ ಕೆಳಗೆ ಮಲಗುತ್ತಿದ್ದರು, ಗಾಳಿ ಮಲಗಿದವರ ಮೈಮೇಲೆ ಹೋಗಬೇಕಿತ್ತು. ಬಿಸಿ ಗಾಳಿ ಹಂಚಿನ ಸಂದಿನಲ್ಲಿ ಮೇಲೆ ಹೋಗುತ್ತಿತ್ತು. ಜೆಪ್ಪುವಿನಲ್ಲಿ ಬಾಸೆಲ್ ಮಿಶನ್‌ನವರು 1865ರಲ್ಲಿ ಹಂಚಿನ ಕಾರ್ಖಾನೆ ಹಾಕಿದ ಮೇಲೆ ಊರೂರಿಗೆ ಬಂದ ಮಾಡು ಅದು, ಉಸಿರಾಡುವ ಮಾಡು. ಈಗ ಕಿಟಕಿ ಮೂರು ಅಡಿ ಮೇಲೆ, ಮಂಚ ಒಂದೂವರೆ ಅಡಿ, ಮೇಲೆ ಸ್ಲ್ಯಾಬು. ಕಿಟಕಿಯ ಬುಡಕ್ಕೇ ಮಲಗಿದರೆ ಗಾಳಿ ನಿಮ್ಮ ಮೇಲಿನಿಂದ ಹಾರಿ ಕೋಣೆಯ ಆಚೆ ತುದಿಗೆ ಹೋಗುತ್ತದೆ. ಸ್ವಲ್ಪ ದೂರ ಮಲಗಿದರೆ ಮೈಗೆ ಸಿಗುತ್ತದೆ. ನಂಬಿಕೆ ಬರದಿದ್ದರೆ ಊದುಬತ್ತಿ ಪರೀಕ್ಷೆಯಲ್ಲೇ ನೋಡಿ.


ಸಂಜೆಮಲ್ಲಿಗೆ · ಅಂಬಲಪಾಡಿ · ಮೇ 13

ಊದುಬತ್ತಿ ಹಿಡಿದೆ! ನಿನ್ನೆ ಮಧ್ಯಾಹ್ನ ಅತ್ತೆಯವರೂ ಬಂದು ಕೂತು ನೋಡಿದರು. ಈಗ ಮಲಗುವ ಜಾಗದಲ್ಲಿ, ಕಿಟಕಿಯ ಬುಡದಲ್ಲಿ ದಿಂಬಿನ ಎತ್ತರಕ್ಕೆ ಹಿಡಿದರೆ ಹೊಗೆ ನೇರ ಮೇಲೆ ಹೋಯಿತು, ಅಲುಗಲೇ ಇಲ್ಲ. ಎರಡು ಹೆಜ್ಜೆ ಹಿಂದೆ ಬಂದು ಹಿಡಿದರೆ ಹೊಗೆ ಅಡ್ಡಕ್ಕೆ ಮಲಗಿ ಬಾಗಿಲಿನ ಕಡೆಗೆ ಓಡಿತು. ಆಮೇಲೆ ನಾವಿಬ್ಬರೂ ಕಪಾಟನ್ನು ದಕ್ಷಿಣ ಕಿಟಕಿಯಿಂದ ಒಂದಡಿ ಈಚೆ ಎಳೆದೆವು. ಹೊಗೆ ಕೂಡಲೇ ಎರಡು ಪಾಲಾಗಿ ಒಂದು ಬಾಗಿಲಿಗೆ, ಒಂದು ದಕ್ಷಿಣಕ್ಕೆ ತಿರುಗಿತು. ಒಂದೂವರೆ ವರ್ಷ ಆ ಕಿಟಕಿಗೆ ಉಸಿರು ಕಟ್ಟಿಸಿ ಇಟ್ಟಿದ್ದೆವಲ್ಲ ಅಂತ ಬೇಜಾರಾಯಿತು.

ರಾತ್ರಿ ಹತ್ತಕ್ಕೆ ಹಿಡಿದಾಗ ಮಲ್ಪೆ ಅಣ್ಣ ಹೇಳಿದ ಹಾಗೆಯೇ, ಹೊಗೆ ಬಾಗಿಲಿನಿಂದ ಪಡುವಣ ಕಿಟಕಿಗೆ ಮೆಲ್ಲಗೆ ಹೋಯಿತು.

ಈಗ ಕಪಾಟಿನ ಬಗ್ಗೆ ಯಾರಾದರೂ ಹೇಳಿ. ಹೊಸದು ಮಾಡಿಸಲು ಈ ವರ್ಷ ಆಗುವುದಿಲ್ಲ.


ಮರದ ಕೈ · ಕಾರ್ಕಳ · ಮೇ 13

ಹೊಸದು ಬೇಡ ಅಕ್ಕ, ಇದ್ದದ್ದನ್ನೇ ಉಳಿಸಬಹುದು. ನಾನು ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ, ಹತ್ತು ಕಪಾಟು ರಿಪೇರಿಗೆ ಬಂದರೆ ಬಹುಪಾಲು ಹಿಂಬದಿ ಹಾಳಾಗಿಯೇ ಬರುತ್ತವೆ. ಮುಂದೆ ಚಂದದ ಲ್ಯಾಮಿನೇಟ್ ಹಾಕುತ್ತಾರೆ, ಹಿಂದೆ ಬರಿ ಹಲಗೆ. ಗೋಡೆಯ ತೇವ ಆ ಬರಿ ಹಲಗೆಯಿಂದ ಒಳಗೆ ಇಳಿದು ಬಟ್ಟೆಗೆ ಹೋಗುತ್ತದೆ. ನಿಮ್ಮ ಸೀರೆಗೆ ಆದದ್ದು ಅದೇ.

ಈಗ ಮೇ ತಿಂಗಳು, ಬಿಸಿಲು ಉಂಟು. ಕಪಾಟು ಖಾಲಿ ಮಾಡಿ, ಹಿಂಬದಿ ಹೊರಗೆ ತಿರುಗಿಸಿ, ಬೂಷ್ಟನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ. ಒಣ ಬ್ರಶ್‌ನಲ್ಲಿ ಉಜ್ಜಬೇಡಿ, ಅದರ ಪುಡಿ ಹಾರಿ ಎಲ್ಲ ಕಡೆ ಕೂರುತ್ತದೆ, ಮಗುವನ್ನೂ ಆ ಹೊತ್ತು ಆಚೆ ಕಳಿಸಿ. ನಾಲ್ಕೈದು ದಿನ ಚೆನ್ನಾಗಿ ಒಣಗಲಿ. ಆಮೇಲೆ ಹಿಂಬದಿಗೆ ಎರಡು ಕೋಟು ಪೇಂಟ್ ಅಥವಾ ಪಾಲಿಶ್ ಹೊಡೆಸಿ, ಕೆಳಗಿನ ಅಂಚಿಗಂತೂ ತಪ್ಪದೆ. ತೇವ ಇರುವಾಗಲೇ ಹೊಡೆದರೆ ಒಳಗೇ ಕೊಳೆಯುತ್ತದೆ, ಅವಸರ ಬೇಡ. ಅಡಿಗೆ 3 ಇಂಚಿನ ಪಿವಿಸಿ ಕಾಲು ಕೂರಿಸಿ.

ಜಾಗ: ಒಳಗೋಡೆ ಯಾವುದು? ಉತ್ತರ ಗೋಡೆಯ ಆಚೆ ಬಚ್ಚಲು ಅಂದಿರಿ. ಬಚ್ಚಲಿನ ಗೋಡೆಗೆ ಒರಗಿಸಿದರೆ ಅದೂ ಮಳೆ ಗೋಡೆಯ ಹಾಗೆಯೇ. ಮೊದಲು ಅದನ್ನು ಹೇಳಿ.


ಸಂಜೆಮಲ್ಲಿಗೆ · ಅಂಬಲಪಾಡಿ · ಮೇ 13

ಬಚ್ಚಲು ಮೂಡು ತುದಿಯ 4 ಅಡಿ ಮಾತ್ರ. ಉಳಿದ 8 ಅಡಿಯ ಆಚೆ ಅತ್ತೆಯವರ ಕೋಣೆ. ಮೂಡು ಗೋಡೆಯ ಆಚೆ ಹಾಲ್.


ಮರದ ಕೈ · ಕಾರ್ಕಳ · ಮೇ 14

ಹಾಗಾದರೆ ಆಯಿತು. ಎರಡೂ ಕಪಾಟು ಸೇರಿ 7 ಅಡಿ. ಪಡು ಮೂಲೆಯಿಂದ ಅರ್ಧ ಅಡಿ ಬಿಟ್ಟು ಶುರು ಮಾಡಿ, ಹೊರಗೋಡೆಗೆ ಕಪಾಟಿನ ಕೆನ್ನೆ ತಾಗಬಾರದು. ಮೊದಲು ಸ್ಟೀಲ್, ಆಮೇಲೆ ಪ್ಲೈವುಡ್. ಮಳೆ ಗೋಡೆಗೆ ಹತ್ತಿರ ಸ್ಟೀಲ್ ಇರಲಿ. ಹಿಂದೆ ಎರಡಕ್ಕೂ 3 ಇಂಚು ಜಾಗ ಬಿಡಿ, ಕೈ ಹಾಕಿ ಒರೆಸುವ ಹಾಗೆ ಇರಬೇಕು. ಸ್ಟೀಲ್ ಕಪಾಟಿನ ಕಾಲಿನ ಅಡಿಗೆ ಟೈಲ್ಸ್ ತುಂಡು ಇಡಿ, ಪೇಂಟ್ ಎದ್ದ ಕಡೆ ತುಕ್ಕು ಹಿಡಿಯದ ಹಾಗೆ ಈಗಲೇ ರೆಡ್ ಆಕ್ಸೈಡ್ ಹಚ್ಚಿ. ಕಡಲ ಗಾಳಿಯ ಉಪ್ಪಿಗೆ ಒಂದು ಸಣ್ಣ ಗೀರು ಸಾಕು.

ಮುಂದೆ ಯಾವಾಗಲಾದರೂ ಹೊಸದು ಮಾಡಿಸುವಾಗ ಹಲಗೆಯ ಮೇಲೆ ಐಎಸ್ 710 ಮುದ್ರೆ ನೋಡಿ ತೆಗೆದುಕೊಳ್ಳಿ, ಅದು ಮರೈನ್ ಪ್ಲೈ, ನೀರು ತಡೆಯುವ ಪ್ಲೈವುಡ್. ಪುಡಿ ಒತ್ತಿ ಮಾಡಿದ ಹಲಗೆ ನಮ್ಮ ಊರಿಗೆ ಬೇಡವೇ ಬೇಡ. ನೀರು ಕುಡಿದರೆ ಬನ್ನಿನ ಹಾಗೆ ಉಬ್ಬುತ್ತದೆ, ಮತ್ತೆ ಇಳಿಯುವುದಿಲ್ಲ.


ಕಂಕನಾಡಿ ಬಾಡಿಗೆ · ಮಂಗಳೂರು · ಮೇ 14

ನಡುವೆ ಬಾಯಿ ಹಾಕುವುದಕ್ಕೆ ಕ್ಷಮಿಸಿ. ನನಗೆ ಎರಡು ಕಿಟಕಿಯ ಭಾಗ್ಯ ಇಲ್ಲ. 10ಕ್ಕೆ 10ರ ಕೋಣೆ, ಒಂದೇ ಕಿಟಕಿ, 4 ಅಡಿ, ಜಾರುವಂಥದ್ದು. ಎದುರಿಗೆ ಆರು ಅಡಿ ದೂರದಲ್ಲಿ ಪಕ್ಕದ ಕಟ್ಟಡದ ಗೋಡೆ. ರಾತ್ರಿ ಸೆಕೆಗೆ ನಿದ್ದೆಯೇ ಬರುವುದಿಲ್ಲ. ಮಂಚ ಕಿಟಕಿ ಹತ್ತಿರ ತಂದರೆ ಏನಾದರೂ ಪ್ರಯೋಜನ ಉಂಟಾ?


ಕುಂಜಿಬೆಟ್ಟು ಮಾಷ್ಟ್ರು · ಉಡುಪಿ · ಮೇ 14

ಕಂಕನಾಡಿಯವರೇ, ಜಾರುವ ಕಿಟಕಿ ಎಷ್ಟು ತೆರೆದರೂ ಅರ್ಧವೇ ತೆರೆಯುವುದು. ನಿಮ್ಮ 4 ಅಡಿ ಕಿಟಕಿ ಗಾಳಿಯ ಲೆಕ್ಕಕ್ಕೆ 2 ಅಡಿ. ಹಾಗಾಗಿ ತೆರೆಯುವ ಅರ್ಧ ಯಾವ ಕಡೆ ಇರಬೇಕು ಅಂತ ನೀವೇ ತೀರ್ಮಾನ ಮಾಡಿ, ಬಾಗಿಲಿಗೆ ಕರ್ಣವಾಗಿ ಇರುವ ಅರ್ಧವನ್ನು ತೆರೆಯಿರಿ. ಆ ಓಣಿಯಲ್ಲಿ ಕಪಾಟು, ಸೋಫಾ ಏನೂ ನಿಲ್ಲಬಾರದು. ಮಂಚವನ್ನು ಕಿಟಕಿ ಅಡಿ ಹಾಕುವ ಬದಲು ಪಕ್ಕದ ಗೋಡೆಗೆ ಉದ್ದಕ್ಕೆ ಹಾಕಿ, ಗಾಳಿ ಮಂಚವನ್ನು ದಾಟಿ ಬಾಗಿಲಿಗೆ ಹೋಗುವ ಹಾಗೆ. ಬಾಗಿಲು ಹಾಕಿ ಮಲಗುವುದಾದರೆ ಬಾಗಿಲಿನ ಮೇಲಿನ ವೆಂಟಿಲೇಟರ್ ತೆರೆದಿದೆಯಾ ನೋಡಿ, ಎಷ್ಟೋ ಮನೆಗಳಲ್ಲಿ ಅದಕ್ಕೆ ಪೇಪರ್ ಅಂಟಿಸಿ ಬಿಟ್ಟಿರುತ್ತಾರೆ.

ಇನ್ನೊಂದು. ರಾತ್ರಿ ಒಂಬತ್ತರ ಮೇಲೆ ಹೊರಗಿನ ಗಾಳಿ ಒಳಗಿಗಿಂತ ತಂಪು. ಆಗ ಟೇಬಲ್ ಫ್ಯಾನನ್ನು ಕಿಟಕಿಯಲ್ಲಿ ಹೊರಮುಖವಾಗಿ ಇಟ್ಟು ಅರ್ಧ ಗಂಟೆ ಓಡಿಸಿ, ಬಾಗಿಲು ತೆರೆದಿರಲಿ. ಒಳಗಿನ ಬಿಸಿಯನ್ನು ಅದು ಹೊರಗೆ ತಳ್ಳುತ್ತದೆ, ಮನೆಯ ಆಚೆ ಬದಿಯಿಂದ ತಂಪು ಗಾಳಿ ಬಂದು ತುಂಬುತ್ತದೆ. ಆಮೇಲೆ ನಿಮ್ಮ ಕಡೆ ತಿರುಗಿಸಿಕೊಳ್ಳಿ.

ಸಂಜೆಮಲ್ಲಿಗೆ ಅವರಿಗೆ ಬಿಸಿಲಿನ ಲೆಕ್ಕ ನಾಳೆ ಬರೆಯುತ್ತೇನೆ, ಪೇಪರ್ ತಿದ್ದುವುದು ಬಾಕಿ ಉಂಟು.


ಕುಂಜಿಬೆಟ್ಟು ಮಾಷ್ಟ್ರು · ಉಡುಪಿ · ಮೇ 15

ಬಿಸಿಲು ಯಾಕೆ ಮುಖ್ಯ ಅಂದರೆ ಮೇಜು ಎಲ್ಲಿಡಬೇಕು, ಯಾವ ಕಿಟಕಿಗೆ ಎಂಥಾ ಪರದೆ ಅನ್ನುವುದು ಅದರ ಮೇಲೆಯೇ ಉಂಟು.

ಉಡುಪಿ ಇರುವುದು ಸುಮಾರು 13.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ವಾರ ಮಧ್ಯಾಹ್ನ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ, ನಾವು ಶಾಲೆಯ ಅಂಗಳದಲ್ಲಿ ಕೋಲು ನೆಟ್ಟು ಮಕ್ಕಳಿಗೆ ನೆರಳಿಲ್ಲದ ದಿನ ಅಂತ ತೋರಿಸುವುದು ಅದನ್ನೇ. ಅಲ್ಲಿಂದ ಆಗಸ್ಟ್ ಮಧ್ಯದವರೆಗೆ ಮಧ್ಯಾಹ್ನದ ಸೂರ್ಯ ನಮಗೆ ಉತ್ತರದ ಬದಿಗೆ ಇರುತ್ತಾನೆ. ಅಂದರೆ ಈಗ ಮೇ ತಿಂಗಳ ಸೆಕೆಯಲ್ಲಿ ನಿಮ್ಮ ದಕ್ಷಿಣ ಕಿಟಕಿಗೆ ಮಧ್ಯಾಹ್ನದ ಬಿಸಿಲೇ ಇಲ್ಲ, ಬೆಳಕು ಮಾತ್ರ. ಡಿಸೆಂಬರ್‌ನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲುತ್ತಾನೆ, ನೆಲದಿಂದ 53 ಡಿಗ್ರಿ ಎತ್ತರಕ್ಕೆ. ಎರಡು ಅಡಿ ಸಜ್ಜಾ ಇದ್ದರೂ ಕಿಟಕಿಯ ಕೆಳಗಿನ ಒಂದಡಿಗೆ ಬಿಸಿಲು ಬೀಳುತ್ತದೆ. ಅದು ಒಳ್ಳೆಯದೇ, ಹಾಸಿಗೆ ಬಟ್ಟೆ ಒಣಗುತ್ತದೆ.

ತೊಂದರೆ ಕೊಡುವುದು ಪಡುವಣ ಕಿಟಕಿ. ಸಂಜೆ ನಾಲ್ಕರ ಮೇಲೆ ಸೂರ್ಯ ತಗ್ಗಿಗೆ ಬರುತ್ತಾನೆ, ಯಾವ ಸಜ್ಜಾವೂ ತಡೆಯುವುದಿಲ್ಲ. ಒಳಗೆ ದಪ್ಪ ಪರದೆ ಹಾಕಿದರೆ ಕಣ್ಣಿಗೆ ಕತ್ತಲಾಗುತ್ತದೆ ಅಷ್ಟೇ, ಗಾಜು ದಾಟಿ ಬಂದ ಬಿಸಿ ಆಗಲೇ ಕೋಣೆಯೊಳಗೆ ಬಂದಾಯಿತು. ತಡೆ ಹೊರಗೆ ಇರಬೇಕು. ಬಿದಿರಿನ ತಟ್ಟಿ ಹೊರಗಿನ ಗ್ರಿಲ್‌ಗೆ ಕಟ್ಟಿದರೆ ಗೋಡೆಗೆ ಮೊಳೆಯೂ ಬೇಡ, ಮನೆಯವರ ತಕರಾರೂ ಇಲ್ಲ. ನಮ್ಮ ಹಿರಿಯರು ಜಗಲಿಗೆ ತೆಂಗಿನ ಮಡಲಿನ ತಟ್ಟಿ ಕಟ್ಟುತ್ತಿದ್ದದ್ದೂ ಅದಕ್ಕೇ. ಒಳಗೆ ತೆಳು ಹತ್ತಿ ಪರದೆ ಸಾಕು, ಮಳೆಗಾಲದಲ್ಲಿ ದಪ್ಪ ಪರದೆ ಒಣಗುವುದಿಲ್ಲ.

ಈಗ ನನ್ನ ನಕ್ಷೆ. ಮಂಚದ ತಲೆ ಮೂಡು ಗೋಡೆಗೆ, ದಕ್ಷಿಣ ಗೋಡೆಯಿಂದ ಒಂದೂವರೆ ಅಡಿ ಬಿಟ್ಟು. ಮಂಚದ ಉದ್ದ ಆರೂವರೆ ಅಡಿ ಅಂದರೆ ಕಾಲಿನ ತುದಿಯಿಂದ ಪಡುವಣ ಕಿಟಕಿಗೆ ಇನ್ನೂ ಐದೂವರೆ ಅಡಿ ಉಳಿಯುತ್ತದೆ. ಹನಿ ಅಲ್ಲಿವರೆಗೆ ಹಾರುವುದಿಲ್ಲ, ಮಗು ಮಂಚದಿಂದ ಕಿಟಕಿಗೆ ಹತ್ತಲೂ ಆಗುವುದಿಲ್ಲ, ಗಾಳಿ ಮಾತ್ರ ಸಿಗುತ್ತದೆ. ತಲೆ ಮೂಡಕ್ಕೆ, ಅತ್ತೆಯವರಿಗೂ ಸಮಾಧಾನ. ಕಪಾಟಿಗೂ ಮಂಚಕ್ಕೂ ನಡುವೆ ಎರಡೂವರೆ ಅಡಿ ದಾರಿ ಸಿಗುತ್ತದೆ, ಬಾಗಿಲು ತೆರೆಯಲು ಧಾರಾಳ. ಸ್ಟೀಲ್ ಕಪಾಟಿನ ಕನ್ನಡಿ ಮುಂದೆ ನಿಂತರೆ ಪಡುವಣ ಕಿಟಕಿಯ ಬೆಳಕು ಎಡಗಡೆಯಿಂದ ಮುಖಕ್ಕೆ ಬೀಳುತ್ತದೆ.

ಮೇಜನ್ನು ಕಿಟಕಿಯ ಅಡಿಗೆ ಇಡುವ ಆಸೆ ಎಲ್ಲರಿಗೂ ಇರುತ್ತದೆ. ಕಿಟಕಿಗೆ ಮುಖ ಮಾಡಿ ಲ್ಯಾಪ್‌ಟಾಪ್ ನೋಡಿದರೆ ಹಿಂದಿನ ಬೆಳಕಿಗೆ ಕಣ್ಣು ಸೋಲುತ್ತದೆ, ಬೆನ್ನು ಮಾಡಿದರೆ ತೆರೆಯ ಮೇಲೆ ಕಿಟಕಿಯೇ ಕಾಣುತ್ತದೆ. ನೈಋತ್ಯ ಮೂಲೆಯಲ್ಲಿ ಪಡುವಣ ಗೋಡೆಗೆ 3 ಅಡಿ ಖಾಲಿ ಉಂಟಲ್ಲ, ಅಲ್ಲಿಡಿ. ಖಾಲಿ ಗೋಡೆಗೆ ಮುಖ, ದಕ್ಷಿಣ ಕಿಟಕಿ ಎಡ ಭುಜಕ್ಕೆ. ಬಲಗೈಯಲ್ಲಿ ಬರೆಯುವವರಿಗೆ ಕೈಯ ನೆರಳು ಕಾಗದದ ಮೇಲೆ ಬೀಳುವುದಿಲ್ಲ. ಪಡುವಣ ಹೊರಗೋಡೆ, ಹಾಗಾಗಿ ಮೇಜೂ ಎರಡು ಇಂಚು ಈಚೆಗೆ ಇರಲಿ. ಕುರ್ಚಿಯನ್ನು ಮಾತ್ರ ಕೆಲಸ ಮುಗಿದ ಮೇಲೆ ಕೋಣೆಯಿಂದ ಹೊರಗೆ ಇಡಿ, ಮಗನ ಕಾರಣಕ್ಕೆ.


ಹಂಚಿನ ಮನೆ · ಬ್ರಹ್ಮಾವರ · ಮೇ 15

ಮಾಷ್ಟ್ರೇ, ಫ್ಯಾನ್ ಮರೆತಿರಿ. ಕೋಣೆಯ ನಡುವೆ ಇದ್ದರೆ ಕಾಲಿನ ಮೇಲೆ ಬರುತ್ತದೆ, ತಲೆಗೆ ಗಾಳಿ ಕಮ್ಮಿ.


ಕುಂಜಿಬೆಟ್ಟು ಮಾಷ್ಟ್ರು · ಉಡುಪಿ · ಮೇ 15

ಹೌದು, ಅದು ಸರಿ. ಮಂಚವನ್ನು ಮೂಡು ಗೋಡೆಯಿಂದ ಅರ್ಧ ಅಡಿ ಮುಂದೆ ತಂದರೂ ಪೂರ್ತಿ ಸರಿಯಾಗುವುದಿಲ್ಲ. ಒಂದು ಸಣ್ಣ ನಿಲ್ಲುವ ಫ್ಯಾನ್ ಬೇಕಾಗಬಹುದು.


ಸಂಜೆಮಲ್ಲಿಗೆ · ಅಂಬಲಪಾಡಿ · ಮೇ 26

ಮುಗಿಯಿತು! ಮೊದಲು ಹಳೆ ನ್ಯೂಸ್ ಪೇಪರ್ ಅಂಟಿಸಿ ಮಂಚದ ಅಳತೆಗೆ, ಕಪಾಟಿನ ಅಳತೆಗೆ ಕತ್ತರಿಸಿ ನೆಲದ ಮೇಲೆ ಹಾಸಿ ಎರಡು ದಿನ ಅದರ ಸುತ್ತವೇ ನಡೆದೆವು. ಮಗನಿಗೆ ಆಟ. ಪೇಪರ್ ಮಂಚದ ಮೇಲೆ ಮಲಗಿ ನೋಡಿದೆ, ಕಾಲಿನಾಚೆ ಕಿಟಕಿಯಲ್ಲಿ ತೆಂಗಿನ ಗರಿ ಕಾಣುತ್ತದೆ. ಹಿಂದೆ ಕಿಟಕಿಗೆ ತಲೆ ಮಾಡಿ ಮಲಗಿದ್ದಾಗ ಅದು ಕಾಣುತ್ತಲೇ ಇರಲಿಲ್ಲ ಅಲ್ವಾ, ಇಷ್ಟು ದಿನ ಹೊಳೆಯಲೇ ಇಲ್ಲ.

ಕಪಾಟಿನ ಹಿಂಬದಿ ಆರು ದಿನ ಟೆರೇಸಿನ ಬಿಸಿಲಲ್ಲಿ ಒಣಗಿಸಿ ಎರಡು ಕೋಟು ಹೊಡೆಸಿದೆವು. ಹೊತ್ತು ಇಳಿಸುವಾಗ ಮಾತ್ರ ಮೆಟ್ಟಿಲಲ್ಲಿ ಒಂದು ಮೂಲೆ ಒಡೆಯಿತು. ಗ್ರಿಲ್ ಅಳೆದೆ, ಮೂರೂವರೆ ಇಂಚು. ಸಮಾಧಾನ. ಜಾರು ಕಿಟಕಿಯ ಪಟ್ಟಿಯಲ್ಲಿ ನೀರು ಹೊರಗೆ ಹೋಗಲು ಸಣ್ಣ ತೂತುಗಳು ಇರುತ್ತವಂತೆ, ನಮ್ಮದರಲ್ಲಿ ಅವು ಸಿಮೆಂಟ್ ಮತ್ತು ಧೂಳಿನಿಂದ ಮುಚ್ಚಿಹೋಗಿದ್ದವು. ಹೇರ್‌ಪಿನ್ ಹಾಕಿ ಬಿಡಿಸಿದೆ, ಒಂದು ಲೋಟ ನೀರು ಹೊಯ್ದರೆ ಸರಸರ ಹೊರಗೆ ಹೋಯಿತು. ಹೋದ ವರ್ಷದ ದಿಂಬಿನ ಕಥೆಗೆ ಅರ್ಧ ಕಾರಣ ಅದೇ ಇರಬೇಕು.


ಮರದ ಕೈ · ಕಾರ್ಕಳ · ಮೇ 26

ಆ ತೂತಿನ ವಿಷಯ ಎಲ್ಲರೂ ಇವತ್ತೇ ನೋಡಿಕೊಳ್ಳಿ. ಒಡೆದ ಮೂಲೆಗೆ ಮಳೆ ಬರುವ ಮೊದಲು ಪುಟ್ಟಿ ಹಾಕಿ ಪೇಂಟ್ ಮುಟ್ಟಿಸಿ ಅಕ್ಕ, ಹಾಗೇ ಬಿಡಬೇಡಿ.


ಕಂಕನಾಡಿ ಬಾಡಿಗೆ · ಮಂಗಳೂರು · ಜೂನ್ 2

ನಮ್ಮ ವೆಂಟಿಲೇಟರ್‌ಗೆ ನಿಜವಾಗಿಯೂ ಪೇಪರ್ ಅಂಟಿಸಿದ್ದರು, ಕ್ಯಾಲೆಂಡರ್ ಹಾಳೆ. ಕಿತ್ತು ಸೊಳ್ಳೆ ನೆಟ್ ಹಾಕಿದೆ. ಹೊರಮುಖದ ಫ್ಯಾನ್ ಐದು ರಾತ್ರಿಯಿಂದ ಮಾಡುತ್ತಿದ್ದೇನೆ. ಸೆಕೆ ಪೂರ್ತಿ ಹೋಗಿಲ್ಲ, ಆದರೆ ಹನ್ನೊಂದಕ್ಕೆ ನಿದ್ದೆ ಬರುತ್ತಿದೆ, ಮೊದಲು ಒಂದೂವರೆ ಆಗುತ್ತಿತ್ತು. ಮಾಷ್ಟ್ರಿಗೆ ತುಂಬಾ ಥ್ಯಾಂಕ್ಸ್.


ಸಂಜೆಮಲ್ಲಿಗೆ · ಅಂಬಲಪಾಡಿ · ಆಗಸ್ಟ್ 4

ಆಟಿ ಮುಗಿಯುತ್ತಾ ಬಂತು, ಹೇಳದೆ ಇದ್ದರೆ ತಪ್ಪಾಗುತ್ತದೆ ಅಂತ ಬರೆಯುತ್ತಿದ್ದೇನೆ.

ಜುಲೈಯಲ್ಲಿ ಮೂರು ದಿನ ಬಿಡದೆ ಹೊಡೆಯಿತಲ್ಲ, ಆ ರಾತ್ರಿಗಳಲ್ಲಿ ಪಡುವಣ ಕಿಟಕಿಯಿಂದ ಹನಿ ಒಳಗೆ ಬಂದದ್ದು ಹೌದು. ಬೆಳಗ್ಗೆ ನೆಲದ ಮೇಲೆ ಒದ್ದೆಯ ಗುರುತು ಅಳೆದೆ, ಗೋಡೆಯಿಂದ ಎರಡು ಅಡಿ. ಮಂಚದ ಕಾಲಿಗೆ ಇನ್ನೂ ಮೂರೂವರೆ ಅಡಿ ಒಣ ನೆಲ ಉಳಿದಿತ್ತು. ಮಳೆ ಬಿಟ್ಟಾಗಲೆಲ್ಲ ದಕ್ಷಿಣ ಕಿಟಕಿ ಮತ್ತು ಬಾಗಿಲು ತೆರೆದಿಡುತ್ತೇನೆ. ಹಾಸಿಗೆಯ ಆ ಹಳೆ ವಾಸನೆ ಇಲ್ಲ.

ಸರಿಯಾಗದ್ದೂ ಉಂಟು. ಮೇಜು ತೇವ ಎಳೆದುಕೊಂಡು ಡ್ರಾಯರ್ ಬಿಗಿಯಾಗಿದೆ, ಪಡುವಣ ಗೋಡೆಗೆ ಎರಡು ಇಂಚು ಸಾಲಲಿಲ್ಲ, ಈಗ ಅರ್ಧ ಅಡಿ ಮುಂದೆ ತಂದಿದ್ದೇವೆ. ನಿಲ್ಲುವ ಫ್ಯಾನ್ ತಂದೆವು, ಹಂಚಿನ ಮನೆಯವರು ಹೇಳಿದ್ದು ನೂರಕ್ಕೆ ನೂರು ಸರಿ. ಮೂಡು ಗೋಡೆಯ ಆಚೆ ಹಾಲ್‌ನ ಟಿವಿ, ರಾತ್ರಿ ಒಂಬತ್ತರ ಧಾರಾವಾಹಿ ದಿಂಬಿನವರೆಗೂ ಕೇಳುತ್ತದೆ. ಅತ್ತೆಯವರೇ ಟಿವಿಯನ್ನು ಎದುರು ಗೋಡೆಗೆ ಹಾಕಿಸೋಣ ಅಂದಿದ್ದಾರೆ.

ನಿನ್ನೆ ಚೌತಿಗೆ ಅಂತ ಸೀರೆಗಳನ್ನು ಹೊರಗೆ ತೆಗೆದು ಒಂದೊಂದೇ ಮಡಿಕೆ ಬಿಡಿಸಿ ನೋಡಿದೆ. ಹೊಸ ಚುಕ್ಕೆ ಒಂದೂ ಇಲ್ಲ. ಅಮ್ಮ ಕೊಟ್ಟದ್ದರಲ್ಲಿ ಹಳೆಯ ಕಲೆ ಇದ್ದ ಕಡೆಯೇ ಉಂಟು, ಈ ಸಲ ಅದನ್ನೇ ಉಡುತ್ತೇನೆ, ಕಲೆ ಒಳಮಡಿಕೆಗೆ ಬರುವ ಹಾಗೆ.


ಮಲ್ಪೆ ಗಾಳಿ · ಮಲ್ಪೆ · ಆಗಸ್ಟ್ 4

ತುಂಬಾ ಖುಷಿಯಾಯಿತು ತಂಗಿ. ಒಂದು ಮಾತ್ರ ನೆನಪಿಡಿ, ಅಕ್ಟೋಬರ್‌ನಲ್ಲಿ ಸಂಜೆ ಗುಡುಗಿನ ಮಳೆ ಘಟ್ಟದ ಕಡೆಯಿಂದ ಬರುತ್ತದೆ, ಮೂಡಿನಿಂದ. ನಿಮ್ಮ ಕೋಣೆಗೆ ಆ ಕಡೆ ಕಿಟಕಿ ಇಲ್ಲ, ಆದರೆ ಹಾಲ್‌ನ ಮೂಡು ಗೋಡೆಗೆ ಕಿಟಕಿ ಇದ್ದರೆ ಟಿವಿಯನ್ನು ಅದರ ಹತ್ತಿರ ಹಾಕಿಸಬೇಡಿ.


ಸಂಜೆಮಲ್ಲಿಗೆ · ಅಂಬಲಪಾಡಿ · ಆಗಸ್ಟ್ 5

ಉಂಟು ಅಣ್ಣ, ಸರಿಯಾಗಿ ಅಲ್ಲೇ! ಎಲೆಕ್ಟ್ರಿಷಿಯನ್ ಆದಿತ್ಯವಾರ ಬರುತ್ತೇನೆ ಅಂದಿದ್ದಾರೆ. ಅಷ್ಟರೊಳಗೆ ಹಾಲ್‌ನಲ್ಲೂ ಊದುಬತ್ತಿ ಹಿಡಿದು, ಅಳತೆ ತೆಗೆದು ಇಲ್ಲೇ ಹಾಕುತ್ತೇನೆ.